ಏನೂ ಬದಲಾಗಿಲ್ಲ ಎಂದ ಐದು ದಿನ

ಶರಣವ್ವನ ಮನೆಯ ಅಂಗಳಕ್ಕೆ ತಾಂಡೂರು ಕಲ್ಲು ಹಾಸಿದ್ದಾರೆ. ನೀಲಿ ಅನ್ನುವ ಹಾಗಿಲ್ಲ, ಬೂದಿ ಅನ್ನುವ ಹಾಗೂ ಇಲ್ಲ, ಅಂಥ ಬಣ್ಣ. ಅದರ ಮೇಲೆ ನೀರು ಬಿದ್ದರೆ ತೊಯ್ದ ಬರೆಯುವ ಪಾಟಿಯ ವಾಸನೆ ಏಳುತ್ತದೆ. ಈ ಸಲ ನಾಗರಪಂಚಮಿಯ ಮರುದಿನ ಜಹೀರಾಬಾದಿನಲ್ಲಿ ಬಸ್ಸಿಳಿದು, ಛತ್ರಿ ಮಡಚಿ ಆ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಎದುರಾದದ್ದು ಆ ವಾಸನೆ. ಶರಣವ್ವ ಆಮೇಲೆ ಬಂದಳು.

"ಬರ್ರಿ ಅಕ್ಕೋರ. ನಾಕ ವರ್ಸಕ್ಕ ನಮ್ಮ ಮನಿ ದಾರಿ ನೆನಪಾತೇನ್ರಿ?"

ಅವಳ ಗಂಡ ಸಂಗಪ್ಪನವರ ವರ್ಷದ ಊಟ ಅವತ್ತು. ಪ್ರತಿ ವರ್ಷ ಫೋನು ಮಾಡಿ ಕರೆಯುತ್ತಿದ್ದಳು. ಪ್ರತಿ ವರ್ಷ ನನಗೆ ಪರೀಕ್ಷೆ ಇರುತ್ತಿತ್ತು, ಜ್ವರ ಇರುತ್ತಿತ್ತು. ಖರೆ ಹೇಳಬೇಕೆಂದರೆ ಆ ಊಟ ತಪ್ಪಾದ ದಿನ ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು.

ನೆನಪನ್ನು ನಂಬದ ಕಾರಣಕ್ಕೇ ನಾನು ದಿನಚರಿ ಬರೆಯುವವಳು. ಆ ವರ್ಷದ ನೋಟುಬುಕ್ಕನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದೆ, ಬಸ್ಸಿನಲ್ಲಿ ಎರಡು ಸಲ ಓದಿದ್ದೆ. ಓದಿದ ಮೇಲೆ ನಂಬಿಕೆ ಇನ್ನೂ ಕಡಿಮೆಯಾಯಿತು. ತಲೆ ಒಂದು ಹೇಳುತ್ತದೆ, ಪುಸ್ತಕ ಇನ್ನೊಂದು. ಕೆಲವು ಕಡೆ ಪುಸ್ತಕ ಏನೂ ಹೇಳುವುದಿಲ್ಲ, ಹಾಗೆ ಸುಮ್ಮನಿರುವುದು ನನ್ನದೇ ಕೆಲಸ ಎಂಬುದಂತೂ ಸ್ಪಷ್ಟ.

ಆ ವರ್ಷ ನಾನು ಬೀದರಿನಿಂದ ಬಂದು ಜಹೀರಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಶರಣವ್ವನ ಮನೆಯ ಮೇಲಿನ ಕೋಣೆ ಬಾಡಿಗೆಗೆ. ಕೆಳಗೆ ಗಂಡ ಹೆಂಡತಿ ಇಬ್ಬರೇ. ಎರಡು ಗಲ್ಲಿ ಆಚೆ ಸಂಗಪ್ಪನವರ ತಮ್ಮ ವೀರಣ್ಣನ ಹಾರ್ಡ್‌ವೇರ್ ಅಂಗಡಿ. ಶರಣವ್ವ, ಸಂಗಪ್ಪನವರಿಗೆ ಮಕ್ಕಳಿರಲಿಲ್ಲ. ಪಕ್ಕದ ಮನೆಯ ರೇಣುಕಾಳನ್ನೇ ಶರಣವ್ವ ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದಳು. ಲಗ್ನವಾಗಿ ಗಂಡನ ಮನೆಗೆ ಹೋಗಿದ್ದ ಆ ಹುಡುಗಿಗೆ ಆಗ ಮೊದಲ ಬಸಿರು.

ನನಗೆ ಒಂದು ಸರಕಾರಿ ನೌಕರಿಯ ಅರ್ಜಿ ಯಾವಾಗ ಬಿಡುತ್ತಾರೆಂಬ ಕಾತರವಿತ್ತು. ದಿನಕ್ಕೆ ಹತ್ತು ಸಲ ಅದರ ವೆಬ್ ಪುಟ ತೆರೆದು ನೋಡಿ ಬೇಸತ್ತು, ಪುಟ ಕಾಯುವ ಒಂದು ಸಣ್ಣ ಪ್ರೋಗ್ರಾಮು ಬರೆದುಕೊಂಡೆ. ಅದರ ಕೆಲಸ ಸರಳ. ಒಂದು ಪುಟದ ವಿಳಾಸ ಕೊಟ್ಟರೆ ಆಗ ಅದರಲ್ಲಿ ಇರುವುದನ್ನು ಇದ್ದ ಹಾಗೆಯೇ ಒಂದು ಪ್ರತಿ ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ಗಂಟೆಗೊಮ್ಮೆ ಹೋಗಿ ನೋಡಿ, ತನ್ನ ಪ್ರತಿಗೆ ಹೋಲಿಸಿ, ಎಲ್ಲಾದರೂ ಒಂದು ಸಾಲು ಬದಲಾಗಿದ್ದರೆ ಆ ಸಾಲನ್ನಷ್ಟೇ ನನ್ನ ಫೋನಿಗೆ ಕಳಿಸುತ್ತದೆ. ಬದಲಾಗದಿದ್ದರೆ ಸುಮ್ಮನಿರುತ್ತದೆ.

ಗಲ್ಲಿಯಲ್ಲಿ ಸುದ್ದಿ ಹಬ್ಬಿತು. ರೇಣುಕಾಳ ತಮ್ಮನ ಡಿಗ್ರಿ ಫಲಿತಾಂಶ, ವೀರಣ್ಣನಿಗೆ ತೊಗರಿಯ ಧಾರಣೆ, ಯಾರದೋ ಹೊಲದ ದಾಖಲೆ, ಎಲ್ಲವನ್ನೂ ಕಾಯಲು ಹಾಕಿಕೊಟ್ಟೆ. ಒಮ್ಮೆ ಪಾಠದ ನಡುವೆ ಫೋನು ಟಿಣ್ ಎಂದು, ನೌಕರಿಯೇ ಬಂತೆಂದು ಓಡಿ ನೋಡಿದರೆ ಪುಟದ ತಲೆಯ ಮೇಲಿನ ಶುಭಾಶಯ ಬದಲಾಗಿತ್ತು, ಯುಗಾದಿ ಹೋಗಿ ರಂಜಾನ್ ಬಂದಿತ್ತು. ಶರಣವ್ವ ಅದಕ್ಕೆ 'ಅಕ್ಕೋರ ನಾಯಿ' ಎಂದು ಹೆಸರಿಟ್ಟಳು.

"ಬರೇ ಬೊಗಳ್ತದ, ಕಡಿಯಂಗಿಲ್ಲ," ಎನ್ನುತ್ತಿದ್ದಳು.

ಸಂಗಪ್ಪನವರು ಅಂಗಳದ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದರು. ವಯಸ್ಸಿದ್ದಾಗ ತಾಂಡೂರಿನ ಕಲ್ಲು ಪಾಲಿಶ್ ಮಾಡುವ ಯಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಅಂಗಳದ ಕಲ್ಲೂ ಅಲ್ಲಿಂದಲೇ ಅವರು ಆರಿಸಿ ತಂದದ್ದು. ಮರೆವು ಶುರುವಾಗಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಉಂಡದ್ದು ನೆನಪಿರುತ್ತಿರಲಿಲ್ಲ, ಯಾವ ಕಲ್ಲಿನಲ್ಲಿ ಎಲ್ಲಿ ಸೀಳು ಇದೆ ಎಂಬುದು ಬೆರಳಿಗೆ ನೆನಪಿತ್ತು. ಒಂದು ಸಂಜೆ ಅವರು ನನಗೆ ಹೀಗೆ ಕೇಳಿದರು:

"ಅಕ್ಕೋರ, ನಿಮ್ಮ ನಾಯಿ ಹೊಸಬರು ಬಂದ್ರ ಬೊಗಳ್ತದ. ಕಳ್ಳ ಮೊದಲಾ ಬಂದು ಒಳಗ ಕುಂತಿದ್ರ ಏನ್ ಮಾಡ್ತದ್ರಿ?"

ನಾನು ನಕ್ಕೆ. ಅಥವಾ ನಕ್ಕೆ ಎಂದುಕೊಂಡಿದ್ದೇನೆ. ನೋಟುಬುಕ್ಕಿನಲ್ಲಿ ಈ ಮಾತು ಎಲ್ಲಿಯೂ ಇಲ್ಲ. ಮರೆವಿನ ಮನುಷ್ಯ ಇಷ್ಟು ನೆಟ್ಟಗೆ ಕೇಳಿರಲು ಸಾಧ್ಯವೇ? ಆದದ್ದೆಲ್ಲ ಆದ ಮೇಲೆ ನಾನೇ ಈ ಪ್ರಶ್ನೆಯನ್ನು ಅವರ ಬಾಯಲ್ಲಿ ಇಟ್ಟಿರಬಹುದು. ಆದರೂ ಕಟ್ಟೆಯ ಮೇಲೆ ಕೂತು ಅವರು ಗಡ್ಡ ಕೆರೆಯುತ್ತ ಕೇಳಿದ್ದು ನನಗೆ ಕಾಣಿಸುತ್ತದೆ. ಗಡ್ಡ ಎಂದೆ. ಆಗ ಅವರಿಗೆ ಗಡ್ಡವಿರಲಿಲ್ಲ, ಬರಿ ಮೀಸೆ. ಗಡ್ಡದ ಮುಖವನ್ನು ನಾನು ನೋಡಿದ್ದು ಒಂದೇ ಕಡೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಾರಹುಣ್ಣಿಮೆಯ ಮರುದಿನ ಬೆಳಿಗ್ಗೆ ಅವರು ಕಾಣೆಯಾದರು. ಶರಣವ್ವ ನೀರು ತುಂಬಿ ಬರುವಷ್ಟರಲ್ಲಿ ಕಟ್ಟೆ ಖಾಲಿ. ಚಪ್ಪಲಿ ಇರಲಿಲ್ಲ, ಹೆಗಲ ಟವೆಲ್ ಇರಲಿಲ್ಲ. "ಕೆಲಸಕ್ಕ ಹೊತ್ತಾತು ಅಂತ ಅನ್ಕೋತ ಹೋದ್ರು" ಎಂದು ಎದುರಿನ ಮನೆಯವರು ಹೇಳಿದರು. ಅದನ್ನು ಸಂಗಪ್ಪನವರು ದಿನವೂ ಹೇಳುತ್ತಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಝರಾಸಂಗಂ ಗುಡಿಯ ಹತ್ತಿರ ಕಂಡೆವೆಂದು ಯಾರೋ ಅಂದರು. ವೀರಣ್ಣ ಅಲ್ಲಿಗೆ ಹೋಗಿ ಗುಡಿಯ ಕಟ್ಟೆಯ ಮೇಲೆ ಮಲಗಿದ ಪ್ರತಿಯೊಬ್ಬ ಮುದುಕನ ಮುಸುಕು ಸರಿಸಿ ನೋಡಿ ಬಂದ. ನಾರಾಯಣಖೇಡದಲ್ಲಿ ತಂಗಿ ಕಾಶಮ್ಮನಿದ್ದಳು, ಅಲ್ಲಿಗೂ ಬಂದಿರಲಿಲ್ಲ. ಮೂರನೆಯ ದಿನ ವೀರಣ್ಣ ತಾಂಡೂರಿಗೂ ಹೋದ. ಹಳೆಯ ಯಾರ್ಡು ಮುಚ್ಚಿ ವರ್ಷಗಳಾಗಿದ್ದವು. ಗೇಟಿನ ಹೊರಗೆ ಮಾರಾಟವಾಗದೆ ಉಳಿದ ಕಲ್ಲಿನ ಸಾಲು, ಒಂದು ಚಹಾದ ಅಂಗಡಿ. ಅಂಗಡಿಯವನು ಯಾರೂ ಬಂದಿಲ್ಲ ಎಂದ. ಅವತ್ತಿಗೆ ಅದು ನಿಜವೇ ಆಗಿತ್ತು.

ಠಾಣೆಯಲ್ಲಿ ದೂರು ಬರೆಸುವಾಗ ಗಂಡನ ಹೆಸರು ಕೇಳಿದರೆ ಶರಣವ್ವ ಬಾಯಿಬಿಡಲಿಲ್ಲ. ಗಂಡನ ಹೆಸರು ಹೇಳಬಾರದು. ಝರಾಸಂಗಂ ದಿಕ್ಕಿಗೆ ಕೈ ತೋರಿಸಿ, "ಅಲ್ಲಿ ದೇವರ ಹೆಸರನ್ರಿ ಸಾಬ್," ಎಂದಳು. ವೀರಣ್ಣ ಹೇಳಿ ಬರೆಸಿದ. ಕೊಟ್ಟ ಫೋಟೋ ಯಾರದೋ ಮದುವೆಯದು, ಹತ್ತು ವರ್ಷದ ಹಿಂದಿನದು, ರುಮಾಲು ಸುತ್ತಿದ್ದು, ಕಪ್ಪು ಮೀಸೆಯದು.

ಅವತ್ತು ಸಂಜೆ ಅವಳು ಮೇಲಿನ ಕೋಣೆಗೆ ಬಂದಳು. ಮೊಣಕಾಲು ನೋವೆಂದು ಎಂದೂ ಮೆಟ್ಟಿಲು ಹತ್ತಿದವಳಲ್ಲ.

"ನಿಮ್ಮ ನಾಯಿಗಿ ಜರಾ ಅವರನ್ನ ಹುಡ್ಕಾಕ ಹಚ್ರಿ ಅಕ್ಕೋರ."

ಸಿಕ್ಕವರ ಪಟ್ಟಿ ಹಾಕುವ ಪುಟಗಳಿದ್ದವು. ಆಸ್ಪತ್ರೆಗೆ ಸೇರಿದ ಗುರುತಿಲ್ಲದವರು, ಅನಾಥಾಶ್ರಮಕ್ಕೆ ಬಂದವರು, ಪೊಲೀಸರಿಗೆ ಸಿಕ್ಕ ಮರೆವಿನ ಮುದುಕರು. ಎಲ್ಲವನ್ನೂ ಹಾಕುತ್ತ ಹೋದೆ, ಹಾಕುವಾಗ ಒಂದೊಂದನ್ನೂ ಓದಿ ಹೇಳಿದೆ. ಇನ್ನೂ ಒಂದು ಪುಟವಿದೆ ಎಂದೆ. ಯಾವುದು ಎಂದು ಕೇಳಿದಳು. ಗುರುತು ಹತ್ತದ ಹೆಣಗಳದ್ದು.

ಅವಳು ಎಡಗೈಯ ಬಳೆಗಳನ್ನು ಬಲಗೈಯಿಂದ ಮುಚ್ಚಿದಳು.

"ಅದರ ಮ್ಯಾಲ ಕಣ್ಣ ಹಾಕಬ್ಯಾಡ್ರಿ. ತಾಳಿ ಕೊರಳಾಗ ಇಟಗೊಂಡು ಅಲ್ಲಿ ಹುಡುಕಿದ್ರ, ಬಾ ಅಂತ ಕರದಂಗ ಆಗ್ತದ."

ಇದರಲ್ಲಿ ನೆನಪಿಗೂ ಪುಸ್ತಕಕ್ಕೂ ಜಗಳವಿಲ್ಲ. ಪುಸ್ತಕದಲ್ಲಿ ಅವಳ ಮಾತು ಹಾಗೆಯೇ ಇದೆ. ಕೆಳಗೆ ನಾನು ಬರೆದದ್ದು: 'ಒಪ್ಪಿದೆ. ನನಗೂ ಸಮಾಧಾನವೇ ಆಯಿತು.'

ಆಷಾಢ ಪೂರ್ತಿ ಮಳೆ ಹಿಡಿಯಿತು. ಕೆಂಪು ಮಣ್ಣಿನ ನೀರು ಗಲ್ಲಿಯಲ್ಲಿ ಹರಿಯುತ್ತಿತ್ತು. ನನ್ನ ಫೋನು ದಿನಕ್ಕೆ ಎರಡು ಮೂರು ಸಲ ಕೂಗುತ್ತಿತ್ತು. ಪ್ರತಿ ಸಲ ಕೆಳಗಿನ ಮನೆಯ ಬಾಗಿಲು ತೆರೆಯುವ ಸಪ್ಪಳ. ಆ ಶಬ್ದ ಅವಳಿಗೆ ಕೆಳಗೆ ಹೇಗೆ ಕೇಳುತ್ತಿತ್ತೋ. ಯಾರದೋ ತಾಯಿ ಆಸ್ಪತ್ರೆಯಲ್ಲಿ ಸಿಕ್ಕಿದ್ದಳು, ಯಾರದೋ ಮಾವ ರೈಲಿನಲ್ಲಿ. ವಯಸ್ಸು ಓದಿದೆ, ಎತ್ತರ ಓದಿದೆ, "ಅಲ್ಲ ಅವ್ವಾ" ಎಂದೆ. ಕೊನೆಗೆ ಶಬ್ದವನ್ನು ಬಂದ್ ಮಾಡಿ ಬರಿ ಕಂಪನಕ್ಕೆ ಇಟ್ಟೆ. ಆಗ ಅವಳೇ ದಿನಾ ಬೆಳಿಗ್ಗೆ ನಾನು ಕಾಲೇಜಿಗೆ ಇಳಿಯುವಾಗ ಕೇಳತೊಡಗಿದಳು.

"ಏನರ ಬಂತೇನ್ರಿ?"

"ಇಲ್ಲವ್ವಾ. ಏನೂ ಬದಲಾಗಿಲ್ಲ."

ನಾಗರ ಅಮಾವಾಸ್ಯೆಗೆ ಕಾಶಮ್ಮ ನಾರಾಯಣಖೇಡದಿಂದ ಬಂದಳು. ಬಾಯಿ ಬಿರುಸಿನ ಹೆಂಗಸು. ಮೆಟ್ಟಿಲ ಮೇಲೆ ನಿಂತು ಅವಳ ಮಾತನ್ನು ನಾನು ಕೇಳಿಸಿಕೊಂಡೆ.

"ಒಂದೂವರೆ ತಿಂಗಳಾತು ವೈನಿ. ಹಬ್ಬ ಮಾಡ್ಬೇಕಾ, ಬಿಡ್ಬೇಕಾ? ರೇಣುಕಾನ ಕುಬಸಕ್ಕ ಕರೀಲಾಕ ಬಂದ್ರ ನೀ ಏನಂತ ಹೋಗ್ತಿ? ಇದ್ದಾನ ಅಂತ ಹೋಗ್ತಿಯೋ, ಇಲ್ಲ ಅಂತ ಮನ್ಯಾಗ ಕುಂದರ್ತಿಯೋ?"

"ಇದ್ದಾರ," ಎಂದಳು ಶರಣವ್ವ.

"ಹಂಗಂತ ಯಾರು ಹೇಳ್ಯಾರ? ನಿನ್ನ ಅಕ್ಕೋರ ಫೋನೇನು?"

ಕುಬಸವೆಂದರೆ ಬಸಿರು ಹೆಂಗಸಿನ ಉಡಿ ತುಂಬುವ ಶಾಸ್ತ್ರ. ಮುತ್ತೈದೆಯರಷ್ಟೇ ತುಂಬಬೇಕು. ಶಿವಭಕ್ತರ ಮನೆಗಳಲ್ಲಿ ಇವೆಲ್ಲ ಭೇದ ಇಲ್ಲವೆಂದು ಸ್ವಾಮಿಗಳು ಹೇಳುತ್ತಾರೆ. ಗಲ್ಲಿಯಲ್ಲಿ ಇತ್ತು. ರೇಣುಕಾಳ ಅತ್ತೆಯ ಮನೆಯವರಲ್ಲಿ ಇನ್ನೂ ಹೆಚ್ಚಾಗಿಯೇ ಇತ್ತು. ಎತ್ತಿ ಆಡಿಸಿದ ಹುಡುಗಿಗೆ ಮೊದಲ ಉಡಿಯನ್ನು ತಾನೇ ತುಂಬಬೇಕೆಂದು ಶರಣವ್ವ ಚಳಿಗಾಲದಿಂದ ಹಸಿರು ಖಣ ತೆಗೆದಿಟ್ಟಿದ್ದಳು.

ಮರುದಿನ, ಶ್ರಾವಣದ ಮೊದಲ ದಿನ, ಅವಳು ಮತ್ತೆ ಮೆಟ್ಟಿಲು ಹತ್ತಿದಳು. ಈ ಸಲ ಬಳೆ ಮುಚ್ಚಲಿಲ್ಲ.

"ಆ ಇನ್ನೊಂದು ಪುಟಾನೂ ಹಾಕ್ರಿ. ಅಲ್ಲಿ ಇಲ್ಲ ಅಂತ ಗೊತ್ತಾದ್ರ ನಾ ಧೈರ್ಯಾ ಮಾಡಿ ಕುಬಸಕ್ಕ ಹೋಗ್ತೀನಿ."

ಅವಳು ಇಳಿದು ಹೋದ ಮೇಲೆ ನಾನು ಆ ಪುಟ ಹಾಕಿದೆ. ನೆಟ್‌ವರ್ಕ್ ನಿಧಾನವಿತ್ತು, ಚಿತ್ರಗಳು ಬರಲಿಲ್ಲ, ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನೋಟುಬುಕ್ಕು ಹಾಗೆ ಹೇಳುವುದಿಲ್ಲ. ಅದರಲ್ಲಿರುವುದು ಇಷ್ಟು: 'ಸುತ್ತಲ ಜಿಲ್ಲೆಗಳ ಶವಗಳ ಪುಟ ಹಾಕಿದೆ. ಚಿತ್ರಗಳು ತೆರೆಯುವ ಮೊದಲೇ ಮುಚ್ಚಿದೆ. ಇನ್ನು ಹೊಸತು ಬಂದರೆ ತಾನೇ ತಿಳಿಯುತ್ತದೆ.'

ಹೊಸತು ಬಂದರೆ. ಆ ಪುಟದಲ್ಲಿ ಆಗಲೇ ಇದ್ದದ್ದನ್ನು ಪ್ರೋಗ್ರಾಮು ತನ್ನ ಮೊದಲ ಪ್ರತಿಯಾಗಿ ಎತ್ತಿಟ್ಟುಕೊಂಡಿತು. ಅದರ ಲೆಕ್ಕದಲ್ಲಿ ಅದು ಹಳೆಯದು, ಎಲ್ಲರಿಗೂ ಗೊತ್ತಿರುವುದು. ಬರೆದವಳು ನಾನೇ, ಇದು ನನಗೆ ತಿಳಿಯದ ಸಂಗತಿಯಲ್ಲ. ಮಕ್ಕಳಿಗೆ ಪಾಠದಲ್ಲಿ ಇದನ್ನೇ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳಿದ್ದೆ. ಕಾಯಲು ಹಾಕುವ ಮೊದಲು ಒಮ್ಮೆ ಮನುಷ್ಯರ ಕಣ್ಣಿನಿಂದ ಇಡೀ ಪುಟ ನೋಡಬೇಕು. ಉಳಿದ ಪುಟಗಳನ್ನು ಹಾಗೆಯೇ ನೋಡಿದ್ದೆ. ಇದೊಂದನ್ನು ನೋಡಲಿಲ್ಲ. ಹೆಣಗಳ ಮುಖ ನೋಡಲು ನನಗೆ ಹೆದರಿಕೆಯಾಯಿತು, ಅಷ್ಟೇ.

ಬೆಳಿಗ್ಗೆ ಅವಳು ಕೇಳಿದಳು. "ಅಲ್ಲಿ ಏನರ ಅದ ಏನ್ರಿ?"

"ಇಲ್ಲವ್ವಾ. ಏನೂ ಬದಲಾಗಿಲ್ಲ."

ಅವಳು ಕೇಳಿದ್ದು ಅಲ್ಲಿ ಇದ್ದಾರೆಯೇ ಎಂದು. ನಾನು ಹೇಳಿದ್ದು ಬದಲಾಗಿಲ್ಲ ಎಂದು. ಎರಡೂ ಒಂದೇ ಎಂಬಂತೆ ನಾವಿಬ್ಬರೂ ನಡೆದುಕೊಂಡೆವು.

ಐದು ದಿನದಲ್ಲಿ ಆ ಪುಟದಿಂದ ಎರಡು ಸಂದೇಶ ಬಂದವು. ಕೆರೆಯಲ್ಲಿ ಸಿಕ್ಕ ಒಬ್ಬ ಹೆಂಗಸು, ಹಳಿಯ ಮೇಲೆ ಸಿಕ್ಕ ಒಬ್ಬ ಹುಡುಗ. ಹೊಸ ಸಾಲುಗಳಷ್ಟೇ ನನಗೆ ಬಂದವು, ಅಷ್ಟನ್ನೇ ಓದಿ ಬಿಟ್ಟೆ.

ಮೂರನೆಯ ದಿನ ಕುಬಸ. ಶರಣವ್ವ ತಲೆ ತುಂಬ ಹೂ ಮುಡಿದು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಹೋದಳು. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಹಸಿರು ಖಣ, ಅಕ್ಕಿ, ಕೊಬ್ಬರಿ, ಉತ್ತುತ್ತಿ ಎಲ್ಲವನ್ನೂ ರೇಣುಕಾಳ ಉಡಿಗೆ ಐದು ಸಲ ಹಾಕಿದಳು. ರೇಣುಕಾಳ ಅತ್ತೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ನಿಮ್ಮ ಯಜಮಾನ್ರು ಸಿಕ್ಕಾರೇನ್ರಿ?"

"ಸಿಗ್ತಾರ್ರಿ," ಎಂದಳು ಶರಣವ್ವ. ನನ್ನ ಕಡೆ ತೋರಿಸಿದಳು. "ಅಕ್ಕೋರು ಎಲ್ಲಾ ಕಡಿ ನೋಡ್ಯಾರ. ಕೆಟ್ಟ ಜಾಗದಾಗ ಎಲ್ಲೂ ಇಲ್ಲ."

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ಇದು ಪುಸ್ತಕದಲ್ಲಿ ಇಲ್ಲ. ಮರೆಯಬೇಕೆಂದು ಬಹಳ ಪ್ರಯತ್ನ ಮಾಡಿದ್ದೇನೆ, ಹೋಗಿಲ್ಲ. ಹಾಗಾಗಿ ಇದು ನಿಜವೇ ಇರಬೇಕು.

ಪಂಚಮಿಗೆ ಅವಳು ಹುತ್ತಕ್ಕೆ ಹಾಲೆರೆದು, ಶೇಂಗಾದ ಉಂಡಿ ಕಟ್ಟಿ ನನಗೂ ಕೊಟ್ಟಳು. ಸಂಗಪ್ಪನವರದೆಂದು ಎರಡು ಉಂಡಿ ಡಬ್ಬಿಯಲ್ಲಿ ತೆಗೆದಿಟ್ಟಳು.

ಮರುದಿನ ಮಧ್ಯಾಹ್ನ ಪಾಠದ ನಡುವೆ ಫೋನು ನಡುಗಿತು. ಶವಗಳ ಪುಟದ ಒಂದು ಸಾಲು ಬದಲಾಗಿತ್ತು. ಸಂದೇಶದಲ್ಲಿ ಒಂದು ಸಂಖ್ಯೆ, ತಾಂಡೂರು ಎಂಬ ಹೆಸರು, ಆಮೇಲೆ ತೆಲುಗಿನಲ್ಲಿ ಇಷ್ಟು: ಯಾರೂ ಬಾರದ ಕಾರಣ ಪುರಸಭೆಯಿಂದ ಹೂಳಲಾಗಿದೆ. ಕೆಳಗಿನ ಕೊಂಡಿ ಒತ್ತಿದೆ. ಗಡ್ಡ ಬೆಳೆದ ಒಂದು ಮುಖ. ಬಾಯಿ ಸ್ವಲ್ಪ ತೆರೆದಿತ್ತು, ಏನೋ ಕೇಳುವವರ ಹಾಗೆ. ಕೊರಳಲ್ಲಿ ಲಿಂಗವಿಡುವ ಬೆಳ್ಳಿಯ ಕರಡಿಗೆ ಎಂದು ಬರೆದಿದ್ದರು. ಸಿಕ್ಕ ದಿನ, ಅಮಾವಾಸ್ಯೆ. ಪುಟಕ್ಕೆ ಏರಿಸಿದ್ದು ಅದೇ ಸಂಜೆ. ನಾನು ಕಾಯಲು ಹಾಕುವ ಹಿಂದಿನ ದಿನ.

ಪ್ರೋಗ್ರಾಮಿನಲ್ಲಿ ಯಾವ ತಪ್ಪೂ ಇರಲಿಲ್ಲ. ಬದಲಾದ ಗಂಟೆಯೊಳಗೆ ತಿಳಿಸಿತ್ತು.

ಬೋರ್ಡಿನ ಮೇಲೆ ಅರ್ಧ ಬರೆದದ್ದನ್ನು ಅಲ್ಲಿಯೇ ಬಿಟ್ಟು ವೀರಣ್ಣನ ಅಂಗಡಿಗೆ ಹೋದೆ. ಅವನು ಫೋನಿನಲ್ಲಿದ್ದ ಮುಖ ನೋಡಿ, ಮೊಳೆ ತೂಗುತ್ತಿದ್ದ ತಕ್ಕಡಿಯನ್ನು ಮೆಲ್ಲಗೆ ಕೆಳಗಿಟ್ಟ. "ಅಣ್ಣಾನ," ಎಂದ. ನಾವಿಬ್ಬರೂ ಹೋಗಿ ಹೇಳಿದೆವು. ಶರಣವ್ವ ಅಳಲಿಲ್ಲ. "ಮಣ್ಣು ಮಾಡ್ಯಾರಂತ ಬಂದದೇನು? ಯಾರು ಮಾಡಿದ್ರು? ಜಂಗಮರು ಇದ್ದರೇನು?" ಎಂದು ಕೇಳಿದಳು.

ಅವಳ ಮನೆಯವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ. ಬದುಕಿರುವಷ್ಟು ದಿನ ಕೊರಳಲ್ಲಿದ್ದ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು, ಅದನ್ನು ನೋಡುತ್ತ ಕೂತಂತೆ ಮಣ್ಣಿಗೆ ಒಪ್ಪಿಸುತ್ತಾರೆ.

ಮಾರನೆಯ ದಿನ ಜೀಪು ಮಾಡಿಕೊಂಡು ತಾಂಡೂರಿಗೆ ಹೋದೆವು. ದಾರಿಯುದ್ದಕ್ಕೂ ಮಳೆ. ಠಾಣೆಯಲ್ಲಿ ಒಬ್ಬ ಕಾನ್‌ಸ್ಟೇಬಲ್, ಒಳ್ಳೆಯ ಮನುಷ್ಯ, ಶರಣವ್ವನನ್ನು ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿದ. ಒಂದು ಲಕೋಟೆ ತೆಗೆದುಕೊಟ್ಟ. ಒಳಗೆ ಕರಡಿಗೆ, ಅದರ ಒಳಗೆ ಲಿಂಗ.

"ಮೈಮ್ಯಾಲಿನ ವಸ್ತು ತೆಗೆದಿಡೋದು ನಿಯಮ ಅಮ್ಮಾ," ಎಂದ. "ಲಿಂಗಾಯತರು ಅಂತ ತಿಳೀತು. ಅದಕ್ಕ ಸುಡಲಿಲ್ಲ, ಹೂಳಿಸೀವಿ. ಐದು ದಿನ ಕಾಯ್ದ್ವಿ. ಫೋಟೋ ಹಾಕಿದ್ವಿ. ಯಾರೂ ಬರಲಿಲ್ಲ."

ಐದು ದಿನ ಎಂಬ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಕರಡಿಗೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ವೀರಣ್ಣ ನನ್ನನ್ನು ವರಾಂಡಕ್ಕೆ ಕರೆದ.

"ಅಕ್ಕೋರ, ವೈನಿಗಿ ಸಿಕ್ಕ ದಿನಾ ಯಾವುದಂತ ಹೇಳಬ್ಯಾಡ್ರಿ. ಅಮಾಸಿಗಿ ತೀರ್ಯಾನ ಅಂತ ಗೊತ್ತಾದ್ರ, ಕುಬಸದಾಗ ರಂಡಿಮುಂಡಿ ಉಡಿ ತುಂಬ್ಯಾಳ ಅಂತಾರ ಮಂದಿ. ಆ ಹುಡಗೀನ್ನ ಅತ್ತಿ ಬಾಳಾಕ ಬಿಡಂಗಿಲ್ಲ. ನಿನ್ನೆ ಮೊನ್ನೆ ತೀರ್ಯಾನ ಅನ್ರಿ. ನಿಮ್ಮ ಕಾಲಿಗಿ ಬೀಳ್ತೀನಿ."

ನಾನು ಒಪ್ಪಿದೆ. ಎಷ್ಟು ಬೇಗ ಒಪ್ಪಿದೆ ಎಂಬುದು ಈಗಲೂ ಮೈ ಬಿಸಿ ಮಾಡುತ್ತದೆ. ರೇಣುಕಾಳ ಸಂಸಾರ ಉಳಿಯಲೆಂದು ಒಪ್ಪಿದೆನೇ? ದಿನ ಮುಚ್ಚಿದರೆ ನನ್ನ ಐದು ದಿನವೂ ಮುಚ್ಚಿಹೋಗುತ್ತದೆ ಎಂದು ಒಪ್ಪಿದೆನೇ? ಆ ದಿನದ ಪುಟದಲ್ಲಿ ಇಷ್ಟೇ ಇದೆ: 'ತಾಂಡೂರು. ಮಳೆ. ಕಾಗದ ಓದಿ ಹೇಳಿದೆ.'

ಕಾಗದ ತೆಲುಗಿನಲ್ಲಿತ್ತು. ಶರಣವ್ವನಿಗೆ ಯಾವ ಅಕ್ಷರವೂ ಬರುವುದಿಲ್ಲ. ಎತ್ತರ ಓದಿದೆ, ಪಂಚೆಯ ಬಣ್ಣ ಓದಿದೆ, ಎದೆಯ ಮೇಲಿನ ಮಚ್ಚೆ ಓದಿದೆ. ಸಿಕ್ಕ ದಿನದ ಸಾಲಿಗೆ ಬಂದಾಗ ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. "ಪಂಚಮಿ ಮರುದಿನ ಬಂದ ಸುದ್ದಿ," ಎಂದೆ. ಅವಳು ಅದನ್ನೇ ತೀರಿದ ದಿನವೆಂದು ಹಿಡಿದಳು. ಸುಳ್ಳು ಹೇಳಲಿಲ್ಲ ಎಂದು ಆಗ ಅನಿಸಿತ್ತು.

ಅವರು ಸಿಕ್ಕದ್ದು ಹಳೆಯ ಯಾರ್ಡಿನ ಗೇಟಿನ ಹೊರಗೆ. ಚಹಾದ ಅಂಗಡಿಯವನು ವೀರಣ್ಣನನ್ನು ಗುರುತು ಹಿಡಿದು ಕೈ ಮುಗಿದ. ವೀರಣ್ಣ ಬಂದು ಹೋದ ಎಂಟು ಹತ್ತು ದಿನಕ್ಕೆ ಮುದುಕ ಬಂದನಂತೆ.

"ನೀವು ಕೇಳಿದ್ದು ರುಮಾಲದವ್ರನ್ನ ಭಾಯಿ. ಈ ಬುಡ್ಢಾಗ ಗಡ್ಡ ಇತ್ತು, ಬರಿ ತಲಿ. ನನಗ ಹೊಳೀಲೇ ಇಲ್ಲ. ಕೆಲಸಕ್ಕ ಬಂದೀನಿ ಅಂದ. ಮುಂಜಾನೆದ್ದು ಆ ಕಲ್ಲೆಲ್ಲಾ ಟವೆಲಿಂದ ಒರಸಾಂವ. ಸಂಜಿಗಿ ಕೈ ತೊಳಕೊಂಡು ಕುಂದರಾಂವ. ಏನೂ ಬೇಡಲಿಲ್ಲ. ಕೊಟ್ರ ತಿಂತಿದ್ದ. ಫೋನು ನಂಬರ ಕೇಳಿದ್ರ ನಗತಿದ್ದ."

ಸುಮಾರು ಒಂದು ತಿಂಗಳು ಅವರು ಅಲ್ಲಿ ಜೀವಂತ ಇದ್ದರು. ಯಾವ ಪುಟದಲ್ಲಿಯೂ ಇರಲಿಲ್ಲ. ಸತ್ತ ಮೇಲೆ ಮೊದಲ ಸಲ ಪುಟಕ್ಕೆ ಬಂದರು, ಆ ಒಂದು ಪುಟವನ್ನು ನಾನು ನೋಡಲಿಲ್ಲ.

ಹೂಳಿದ ಜಾಗದಲ್ಲಿ ಒಡೆದ ತಾಂಡೂರು ಕಲ್ಲಿನ ಒಂದು ತುಂಡು ನೆಟ್ಟು, ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದಿದ್ದರು. ಮಳೆಗೆ ಬಣ್ಣ ಇಳಿದಿತ್ತು. ಶರಣವ್ವ ಕೆಸರಿನಲ್ಲಿ ಕೂತು ಕಲ್ಲಿನ ಮೇಲೆ ಬೆರಳಾಡಿಸಿದಳು.

"ಕುಂದರ್ಸಿಲ್ಲಲ್ಲ," ಎಂದಳು. "ಮಲಗ್ಸ್ಯಾರ. ಕೈಯಾಗ ಏನೂ ಇಲ್ಲ."

ಬಳೆಗಳನ್ನು ಅಲ್ಲಿಯೇ ಆ ಕಲ್ಲಿಗೆ ಬಡಿದು ಒಡೆದಳು. ಕೆಲಸ ಬೇಗ ಮುಗಿಯಿತು. ಹಸಿರು ಚೂರುಗಳು ಕೆಸರಿನಲ್ಲಿ ಉಳಿದವು. ಆ ವರ್ಷದ ಕೊನೆಗೆ ನಾನು ಜಹೀರಾಬಾದು ಬಿಟ್ಟೆ. ಅಷ್ಟು ಕಾದ ನೌಕರಿ ಬೇರೆ ಊರಿನಲ್ಲಿ ಸಿಕ್ಕಿತು.

ವೀರಣ್ಣ ಹೋದ ವರ್ಷ ತೀರಿಕೊಂಡ. ಆಮೇಲೆ ದಿನದ ಗುಟ್ಟು ನನ್ನೊಬ್ಬಳ ಹತ್ತಿರ ಉಳಿಯಿತು. ಈ ಸಲ ಬಂದದ್ದು ಅದಕ್ಕೇ. ಇಬ್ಬರ ನಡುವೆ ಇದ್ದಾಗ ಅದು ಒಂದು ಉಪಾಯದ ಹಾಗಿತ್ತು, ಒಬ್ಬಳ ಹತ್ತಿರ ಉಳಿದಾಗ ಕಳ್ಳತನದ ಹಾಗೆ ಕಂಡಿತು.

ಊಟ ಮುಗಿದು ಮಂದಿ ಹೋದ ಮೇಲೆ ಶರಣವ್ವ ಅಡಿಗೆಮನೆಯಲ್ಲಿ ಉಳಿದ ಹುಗ್ಗಿಯನ್ನು ಸಣ್ಣ ಪಾತ್ರೆಗೆ ಹಾಕುತ್ತಿದ್ದಳು. ರೇಣುಕಾ ಪಂಚಮಿಗೆ ತವರಿಗೆ ಬಂದಿದ್ದಳು. ಅವಳ ಮಗಳು, ಮೂರು ದಾಟಿದ್ದು, ಅಂಗಳದ ಕಲ್ಲಿನ ಮೇಲೆ ನೀರು ಚೆಲ್ಲಿ ಜಾರುಬಂಡಿ ಮಾಡಿಕೊಂಡಿತ್ತು. ನಾನು ಹೇಳಿದೆ. ಪುಟವನ್ನು ಹಾಕಿದ ದಿನ ಅವರ ಮುಖ ಅದರಲ್ಲಿ ಆಗಲೇ ಇತ್ತು, ನಾನು ನೋಡಲಿಲ್ಲ. ಐದು ದಿನ ಅವರು ತಾಂಡೂರಿನ ಆಸ್ಪತ್ರೆಯ ಶವಾಗಾರದಲ್ಲಿ ಇದ್ದರು. ಅವತ್ತೇ ನೋಡಿದ್ದರೆ ಕೂರಿಸಿ ಮಣ್ಣು ಮಾಡಬಹುದಿತ್ತು. ಕಾಗದದಲ್ಲಿ ಅಮಾವಾಸ್ಯೆಯ ದಿನ ಇತ್ತು, ವೀರಣ್ಣ ಹೇಳಬೇಡಿ ಎಂದ, ನಾನು ಓದದೆ ಬಿಟ್ಟೆ. ಒಂದರ ಹಿಂದೊಂದು ಹೇಳಿದೆ, ನಡುವೆ ನಿಲ್ಲಲಿಲ್ಲ. ನಿಂತಿದ್ದರೆ ಆಗುತ್ತಿರಲಿಲ್ಲ.

ಅವಳು ಸೌಟನ್ನು ಕೆಳಗಿಡಲಿಲ್ಲ.

"ಐದು ದಿನ ಆಂವ ಅಲ್ಲೇ ಮಲಗಿದ್ನೇನ್ರಿ?"

ಅವಳ ಬಾಯಲ್ಲಿ ಗಂಡನಿಗೆ 'ಆಂವ' ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದೆ.

"ಹೌದವ್ವಾ."

"ನಾ ಹೂ ಮುಡಕೊಂಡು ತಿರಗಾಡೀನಿ."

ಹೊರಗೆ ಮಗು ಜಾರಿ ಬಿದ್ದು, ಅಳಬೇಕೋ ನಗಬೇಕೋ ಎಂದು ಯೋಚಿಸಿ, ನಕ್ಕಿತು. ಶರಣವ್ವ ಬಾಗಿಲಿನಿಂದ ಅದನ್ನೇ ನೋಡಿದಳು.

"ಇದರವ್ವನ ಮುಂದ ಅನ್ನಬ್ಯಾಡ್ರಿ. ಯಾರ ಮುಂದೂ ಅನ್ನಬ್ಯಾಡ್ರಿ. ವೀರಣ್ಣ ಹೇಳಿದ್ದು ಬರೋಬ್ಬರಿ ಅದ." ಮತ್ತೆ ಸೌಟು ಆಡಿಸಿದಳು. "ಹಂಗಾರ ಮೂರು ವರ್ಸ ನಾ ಆಂವಗ ತಪ್ಪ ದಿನಾ ಉಣಿಸೀನಿ. ಇವತ್ತಿಂದು ನಾಕ. ಖರೇ ಯಾವತ್ತ್ರಿ, ಅಮಾಸಿ ದಿನಾನ ತೀರಿದ್ದು?"

ಹೌದು ಎನ್ನಲು ಬಾಯಿ ತೆರೆದೆ. ಅಮಾವಾಸ್ಯೆ ನೆನಪಿಡಲು ಸುಲಭದ ದಿನ. ಅವಳಿಗೆ ಅಷ್ಟಾದರೂ ಸಿಗುತ್ತಿತ್ತು. ಆದರೆ ಕಾಗದದಲ್ಲಿದ್ದದ್ದು ಸಿಕ್ಕ ದಿನ ಮಾತ್ರ. ಒಂದೆರಡು ದಿನ ಮೊದಲೇ ಪ್ರಾಣ ಹೋಗಿರಬಹುದು ಎಂಬ ಒಂದು ಸಾಲೂ ಅದರಲ್ಲಿತ್ತು.

"ಅಮಾಸಿ ದಿನ ಸಿಕ್ಕಾರ ಅವ್ವಾ. ತೀರಿದ್ದು ಯಾವತ್ತು ಅಂತ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಅವಳು ಪಾತ್ರೆಗೆ ಮುಚ್ಚಳ ಹಾಕಿದಳು. ನನ್ನ ಕಡೆ ನೋಡಲಿಲ್ಲ.

"ಅವತ್ತೂ ಗೊತ್ತಿಲ್ಲ ಅಂತಾನೇ ಅನ್ನಬೇಕಿತ್ತು ನೋಡ್ರಿ ಅಕ್ಕೋರ ನೀವು."